ಮಲೆನಾಡಲ್ಲಿ ಉಪಗ್ರಹದ ಎಓಡಿಯನ್ನು ನೆಲದ ರೀಡಿಂಗ್ ಜೊತೆ ತಾಳೆ ನೋಡುವುದು ಹೇಗೆ? (ಡಿಸೆಂಬರ್–ಮೇ ಸೀಸನ್‌ಗೆ ತಯಾರಿ)

ತುಂಗೆಯ ದಡ

ನಮ್ಮ ವಿಭಾಗಕ್ಕೆ ಮೈಕ್ರೋಟಾಪ್ಸ್-2 ಬರುತ್ತಿದೆ, ಕೈಯಲ್ಲಿ ಹಿಡಿದು ಸೂರ್ಯನಿಗೆ ಗುರಿ ಇಡುವ ಸನ್ ಫೋಟೋಮೀಟರ್. ಚಾನೆಲ್‌ಗಳು 440, 500, 675, 870, 936 ನ್ಯಾನೋಮೀಟರ್. ಡಿಸೆಂಬರ್‌ನಿಂದ ಮೇವರೆಗೆ ತೀರ್ಥಹಳ್ಳಿಯಲ್ಲೂ ಆಗುಂಬೆಯಲ್ಲೂ ರೀಡಿಂಗ್ ತೆಗೆದು, ಮೋಡಿಸ್ ಮತ್ತು ವಿಯರ್ಸ್ ಎಂಬ ಉಪಗ್ರಹ ಸಂವೇದಕಗಳು ಕೊಡುವ ಎಓಡಿಯನ್ನು ನಮ್ಮ ಭಾಗದಲ್ಲಿ ಎಷ್ಟು ನಂಬಬಹುದು ಎಂದು ನೋಡುವುದು ಉದ್ದೇಶ.

ಹೊಸಬರಿಗೆ: ಎಓಡಿ (ಏರೋಸಾಲ್ ಆಪ್ಟಿಕಲ್ ಡೆಪ್ತ್) ಅಂದರೆ ನೆಲದಿಂದ ವಾತಾವರಣದ ತುದಿಯವರೆಗಿನ ಇಡೀ ಕಂಬದಲ್ಲಿರುವ ಧೂಳು, ಹೊಗೆ, ಲವಣದ ಕಣಗಳು ನೇರ ಬಿಸಿಲನ್ನು ಎಷ್ಟು ತಡೆಯುತ್ತವೆ ಎಂಬ ಅಳತೆ. ಸೂರ್ಯ ನೆತ್ತಿಯ ಮೇಲಿದ್ದು ಎಓಡಿ 0.4 ಇದ್ದರೆ ಆ ಕಣಗಳಿಂದಲೇ ನೇರ ಕಿರಣದ ಶೇ. 33ರಷ್ಟು ಕಡಿಮೆಯಾಗುತ್ತದೆ.

ಗೊಂದಲ ಮೂರು. ಯಾವ ಹೊತ್ತಿಗೆ ರೀಡಿಂಗ್ ತೆಗೆಯಬೇಕು? ಉಪಗ್ರಹ ಕೊಡುವುದು 550ರಲ್ಲಿ, ನಮ್ಮಲ್ಲಿ ಆ ಚಾನೆಲ್ ಇಲ್ಲ, ಏನು ಮಾಡುವುದು? ಸುತ್ತಲಿನ ಎಷ್ಟು ಕಿಲೋಮೀಟರ್ ಪಿಕ್ಸೆಲ್‌ಗಳನ್ನು ಸರಾಸರಿ ಮಾಡಬೇಕು?

ಘಟ್ಟದ ಗಾಳಿ

ಹೊತ್ತಿನ ವಿಚಾರ ಮೊದಲು. ಮೋಡಿಸ್ ಹೊತ್ತ ಎರಡು ಉಪಗ್ರಹಗಳಲ್ಲಿ ಟೆರಾ 10:30ಕ್ಕೆ, ಅಕ್ವಾ 1:30ಕ್ಕೆ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಅದು ಗಡಿಯಾರದ ಹೊತ್ತಲ್ಲ, ಸ್ಥಳೀಯ ಸೌರ ಸಮಯ. ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿ ಪೂರ್ವ, ಶಿವಮೊಗ್ಗ 75.57. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 28 ನಿಮಿಷ ಹಿಂದೆ. ಹಾಗಾಗಿ 1:30ರ ಹಾಯುವಿಕೆ ನಮ್ಮ ಕೈಗಡಿಯಾರದಲ್ಲಿ ಸುಮಾರು 2 ಗಂಟೆ. ಮೋಡಿಸ್ ಒಂದು ಹಾಯುವಿಕೆಯಲ್ಲಿ ನೋಡುವ ನೆಲದ ಪಟ್ಟಿ 2,330 ಕಿ.ಮೀ. ಅಗಲ, ಉಪಗ್ರಹ ದಿನಾ ಒಂದೇ ದಾರಿಯಲ್ಲಿ ಬರುವುದಿಲ್ಲ, ಆದ್ದರಿಂದ ಮುಕ್ಕಾಲು ಗಂಟೆ ಆಚೀಚೆ ಆಗುವುದು ಸಹಜ.

ಇನ್ನೊಂದು ಮಾತು. 2020ರಿಂದ ಟೆರಾದ ಕಕ್ಷೆಯನ್ನು ಮೊದಲಿನಂತೆ ತಿದ್ದುತ್ತಿಲ್ಲ. ಅದು ಹಾಯುವ ಹೊತ್ತು ಬರಬರುತ್ತಾ ಬೇಗ ಆಗುತ್ತಿದೆ, 2022ರ ಅಕ್ಟೋಬರ್‌ಗೇ 10:15 ಮುಟ್ಟಿತ್ತು. ಮಲೆನಾಡಿನ ಚಳಿಗಾಲಕ್ಕೆ ಇದು ಚಿಕ್ಕ ವಿಷಯವಲ್ಲ. ಹೊಳೆ ಕಣಿವೆಯ ಮಂಜು ಕರಗುವ ಹೊತ್ತಿಗೇ ಉಪಗ್ರಹ ಬಂದು ಹೋಗಿರುತ್ತದೆ. ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಮೂರರಲ್ಲೂ ವಿಯರ್ಸ್ ಇದೆ, ಮೂರೂ ಮಧ್ಯಾಹ್ನ 1:30ರ ಆಸುಪಾಸಿನವು. ನಿಮ್ಮ ಶ್ರಮವನ್ನು ಮಧ್ಯಾಹ್ನದ ಕಡೆಗೆ ಹೆಚ್ಚು ಹಾಕಿ.

ಪ್ರತಿದಿನದ ನಿಖರ ಸಮಯವನ್ನು ಉಪಗ್ರಹದ ಫೈಲ್ ಹೆಸರಿನಿಂದಲೇ ತೆಗೆಯಬಹುದು. ಅದರಲ್ಲಿರುವುದು ಯುಟಿಸಿ, 5:30 ಸೇರಿಸಬೇಕು. ಅದರ ಹಿಂದೆ 30 ನಿಮಿಷ, ಮುಂದೆ 30 ನಿಮಿಷ ರೀಡಿಂಗ್ ಇದ್ದರೆ ರೂಢಿಯ ಲೆಕ್ಕಕ್ಕೆ ಸಾಕು.

ದತ್ತಾಂಶದ ಪೆಟ್ಟಿಗೆ

550ರ ಪ್ರಶ್ನೆಗೆ ಆಂಗ್‌ಸ್ಟ್ರೋಮ್ ಘಾತಾಂಕ (ಆಲ್ಫಾ) ಬಳಸಬೇಕು, ಅಂದರೆ ತರಂಗಾಂತರ ಬದಲಾದಂತೆ ಎಓಡಿ ಎಷ್ಟು ಬೇಗ ಬದಲಾಗುತ್ತದೆ ಎಂಬ ಸಂಖ್ಯೆ. ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ.

440ರಲ್ಲಿ 0.52, 870ರಲ್ಲಿ 0.22 ಬಂದಿದೆ ಅಂತಿಟ್ಟುಕೊಳ್ಳಿ. 0.52ನ್ನು 0.22ರಿಂದ ಭಾಗಿಸಿ ನೈಸರ್ಗಿಕ ಲಾಗರಿದಮ್ ತೆಗೆದರೆ 0.860. 870ನ್ನು 440ರಿಂದ ಭಾಗಿಸಿ ಲಾಗ್ ತೆಗೆದರೆ 0.682. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಲ್ಫಾ 1.26. ಈಗ 550ರ ಎಓಡಿ ಎಂದರೆ 0.52 ಗುಣಿಸು (550/440) ಘಾತ ಮೈನಸ್ 1.26, ಅಂದರೆ 0.39.

ಇದೇ ಆಲ್ಫಾಕ್ಕೆ 500ರಲ್ಲಿ ಎಓಡಿ 0.44 ಇರುತ್ತದೆ. 500 ಮತ್ತು 550 ಹತ್ತಿರವೇ ಅಲ್ಲವಾ ಅಂತ ನೇರವಾಗಿ ಹೋಲಿಸಿದರೆ 0.05 ವ್ಯತ್ಯಾಸ ನೀವೇ ತಂದುಕೊಂಡ ಹಾಗೆ. ಮೋಡಿಸ್ ಡಾರ್ಕ್ ಟಾರ್ಗೆಟ್‌ಗೆ (ಕಪ್ಪು ನೆಲದ ಮೇಲೆ ಎಓಡಿ ತೆಗೆಯುವ ಲೆಕ್ಕವಿಧಾನ) ನೆಲದ ಮೇಲೆ ನಿರೀಕ್ಷಿತ ದೋಷ ±(0.05 + ಎಓಡಿಯ ಶೇ. 15). 0.39ಕ್ಕೆ ಅದು 0.11. ಅದರ ಅರ್ಧದಷ್ಟನ್ನು ಬರೀ ತರಂಗಾಂತರದ ಅಲಕ್ಷ್ಯವೇ ತಿಂದುಹಾಕುತ್ತದೆ. 936ರ ಚಾನೆಲ್ ನೀರಾವಿಗೆ ಇರುವುದು, ಆಲ್ಫಾ ಲೆಕ್ಕಕ್ಕೆ ತರಬೇಡಿ.

ಇನ್ಸಾಟ್-3ಡಿ ಸರಣಿಯನ್ನೂ ಸೇರಿಸುವುದಾದರೆ ಅದರ ಎಓಡಿ 650ರಲ್ಲಿದೆ, ಅದಕ್ಕೆ ಬೇರೆ ಲೆಕ್ಕ. ಅರ್ಧ ಗಂಟೆಗೊಂದು ಚಿತ್ರ ಸಿಗುವುದು ದೊಡ್ಡ ಅನುಕೂಲ. ಆದರೆ ಅದರ ಇಮೇಜರ್‌ನಲ್ಲಿ ಗೋಚರ ಚಾನೆಲ್ ಒಂದೇ, 2.1 ಮೈಕ್ರೋಮೀಟರ್ ಚಾನೆಲ್ ಇಲ್ಲ. ಹಾಗಾಗಿ ನೆಲದ ಹೊಳಪನ್ನು ಬೇರ್ಪಡಿಸುವುದು ಅದಕ್ಕೆ ಕಷ್ಟ.

ಸಾಗರ ಸೀಮೆ

ಉಪಕರಣ ಹಿಡಿಯುವುದರಲ್ಲೇ ಅರ್ಧ ತಪ್ಪು ಆಗುತ್ತದೆ ಮಾರಾಯ್ರೆ, ಅದನ್ನು ಮೊದಲು ಸರಿಮಾಡಿಕೊಳ್ಳಿ.

ಮೈಕ್ರೋಟಾಪ್ಸ್ ಆನ್ ಮಾಡುವಾಗ ಮೇಲಿನ ಮುಚ್ಚಳ ಹಾಕಿಯೇ ಇರಬೇಕು. ಆನ್ ಆದ ಕೂಡಲೇ ಅದು ಕತ್ತಲೆಯ ಸಿಗ್ನಲ್ ಅಳೆದು ಸೊನ್ನೆ ಕೂರಿಸಿಕೊಳ್ಳುತ್ತದೆ. ಮುಚ್ಚಳ ತೆರೆದಿದ್ದರೆ ಆ ಸೊನ್ನೆಯೇ ತಪ್ಪು, ಆಮೇಲಿನ ಎಲ್ಲ ರೀಡಿಂಗ್ ಕೆಟ್ಟ ಹಾಗೆ. ಒಂದು ಹೊತ್ತಿಗೆ ಕಡಿಮೆಯೆಂದರೆ 5 ಸ್ಕ್ಯಾನ್ ಬೆನ್ನುಬೆನ್ನಿಗೆ ತೆಗೆಯಿರಿ. ಗುರಿ ಸ್ವಲ್ಪ ತಪ್ಪಿದರೆ ಸೂರ್ಯನ ಬೆಳಕು ಕಡಿಮೆ ಬೀಳುತ್ತದೆ, ಉಪಕರಣ ಅದನ್ನು ಕಣ ಜಾಸ್ತಿ ಅಂತ ಓದುತ್ತದೆ. ಅಂದರೆ ಕೈ ಅಲುಗಾಟದ ದೋಷ ಯಾವಾಗಲೂ ಎಓಡಿಯನ್ನು ಮೇಲಕ್ಕೇ ಎಳೆಯುತ್ತದೆ, ಸರಾಸರಿ ಮಾಡಿದರೆ ಹೋಗುವುದಿಲ್ಲ. ಐದರಲ್ಲಿ ಕಡಿಮೆ ಬಂದದ್ದಕ್ಕೇ ಬೆಲೆ ಹೆಚ್ಚು. ಒಂದೇ ಒಂದು ಸ್ಕ್ಯಾನ್ ಎದ್ದು ನಿಂತಿದ್ದರೆ ಅದನ್ನು ಬಿಡಿ. ಟ್ರೈಪಾಡ್ ಮೇಲೆ ಕೂರಿಸಿದರೆ ಈ ತಲೆನೋವು ಬಹುಪಾಲು ಹೋಗುತ್ತದೆ.

ಉಪಕರಣದ ಗಡಿಯಾರ ಜಿಪಿಎಸ್‌ನಿಂದ ಕೂರಿಸಿ. ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿದ್ದಾಗ 2 ನಿಮಿಷ ತಪ್ಪಿದರೆ ವಾಯುರಾಶಿಯ (ಬಿಸಿಲು ಹಾದು ಬರುವ ಗಾಳಿಯ ದಾರಿ, ನೆತ್ತಿಯ ಸೂರ್ಯನಿಗೆ 1) ಲೆಕ್ಕ ಸುಮಾರು ಶೇ. 3ರಷ್ಟು ತಪ್ಪುತ್ತದೆ. ಮಧ್ಯಾಹ್ನ ಇದು ಗೊತ್ತೇ ಆಗುವುದಿಲ್ಲ, ಬೆಳಗಿನ ರೀಡಿಂಗ್‌ನಲ್ಲಿ ಗೊತ್ತಾಗುತ್ತದೆ.

ಉಪಕರಣದ ಕಿಟಕಿಯ ಗಾಜಿನ ಮೇಲೆ ಇಬ್ಬನಿಯ ಪಸೆ ಇದೆಯಾ ನೋಡಿ. ತಣ್ಣಗಿನ ಕೋಣೆಯಿಂದ ಹೊರಗೆ ತಂದ ಕೂಡಲೇ ಸ್ಕ್ಯಾನ್ ಒತ್ತಬೇಡಿ, ಹತ್ತು ನಿಮಿಷ ನೆರಳಲ್ಲಿ ಇಡಿ.

ತುಂಗೆಯ ದಡ

ತುಂಬಾ ಉಪಯೋಗ ಆಯಿತು. ಎರಡು ಮರುಪ್ರಶ್ನೆ. ಒಂದು, ಕಣ್ಣಿಗೆ ಕಾಣದಷ್ಟು ತೆಳು ಮೋಡ ಇದ್ದರೆ ಗುರುತಿಸುವುದು ಹೇಗೆ? ಎರಡು, 50 ಕಿ.ಮೀ. ಚೌಕ ತೆಗೆದುಕೊಳ್ಳುವುದು ರೂಢಿ ಅಂತ ಓದಿದ್ದೇವೆ. ಆಗುಂಬೆಗೂ ಅದೇ ನಡೆಯುತ್ತದಾ?

ಘಟ್ಟದ ಗಾಳಿ

ಆಗುಂಬೆಗೆ ನಡೆಯುವುದಿಲ್ಲ. ಖಡಾಖಂಡಿತವಾಗಿ ಹೇಳುತ್ತೇನೆ.

50 ಕಿ.ಮೀ. ಚೌಕ, ±30 ನಿಮಿಷ, 25 ಪಿಕ್ಸೆಲ್‌ಗಳಲ್ಲಿ ಕನಿಷ್ಠ 5, ನೆಲದಲ್ಲಿ ಕನಿಷ್ಠ 2 ರೀಡಿಂಗ್. ಈ ನಿಯಮ ಮೋಡಿಸ್‌ನ ಆರಂಭದ ವರ್ಷಗಳಲ್ಲಿ ಏರೋನೆಟ್ (ನೆಲದ ಸನ್ ಫೋಟೋಮೀಟರ್‌ಗಳ ಜಾಗತಿಕ ಜಾಲ) ಕೇಂದ್ರಗಳ ಜೊತೆ ಹೋಲಿಸಲು ಮಾಡಿಕೊಂಡದ್ದು. ಗಾಳಿ ಒಂದು ಗಂಟೆಯಲ್ಲಿ ಹೋಗುವ ದೂರಕ್ಕೂ ಚೌಕದ ಅಗಲಕ್ಕೂ ಹೊಂದಿಕೆ ಇರಲಿ ಎಂಬುದು ಅದರ ತರ್ಕ. ಬಯಲುಸೀಮೆಗೆ ಸೊಗಸಾಗಿ ಒಪ್ಪುತ್ತದೆ. ಆಗುಂಬೆಯ ಸುತ್ತ 25 ಕಿ.ಮೀ. ಪಶ್ಚಿಮಕ್ಕೆ ಹೋಗಿ, ಸೋಮೇಶ್ವರ ದಾಟಿ ಹೆಬ್ರಿ ಸಿಗುತ್ತದೆ. ಘಟ್ಟದ ಮೇಲೆ 600 ಮೀಟರ್‌ಗೂ ಹೆಚ್ಚು ಎತ್ತರ, ಕೆಳಗೆ 100 ಮೀಟರ್‌ನ ಆಸುಪಾಸು. ಕೆಳಗಿನ ಪಿಕ್ಸೆಲ್‌ನ ಗಾಳಿಕಂಬ ನಿಮ್ಮದಕ್ಕಿಂತ 500 ಮೀಟರ್ ಉದ್ದ, ಅದೂ ಕಣ ದಟ್ಟವಾಗಿರುವ ತಳಭಾಗದ 500 ಮೀಟರ್, ಕರಾವಳಿಯ ಉಪ್ಪುಗಾಳಿ ಬೇರೆ. ಆ ಪಿಕ್ಸೆಲ್ ಹೆಚ್ಚು ತೋರಿಸಿದರೆ ಅದು ಸರಿಯಾಗಿಯೇ ಅಳೆದಿದೆ ಅಂತ ಅರ್ಥ. ತಪ್ಪು ಹೋಲಿಸಿದವರದು.

ನನ್ನ ಸಲಹೆ: ಎತ್ತರದ ನಕ್ಷೆ ಹಾಕಿ ಪ್ರತಿ ಪಿಕ್ಸೆಲ್‌ನ ಸರಾಸರಿ ಎತ್ತರ ತೆಗೆಯಿರಿ. ನಿಮ್ಮ ಸ್ಥಳದ ಎತ್ತರಕ್ಕಿಂತ 200 ಮೀಟರ್‌ಗಿಂತ ಹೆಚ್ಚು ಮೇಲೆ ಕೆಳಗೆ ಇರುವ ಪಿಕ್ಸೆಲ್ ಬಿಟ್ಟುಬಿಡಿ. ಆಗುಂಬೆಯಲ್ಲಿ ಉಳಿಯುವುದು ಬಹುಮಟ್ಟಿಗೆ ಪೂರ್ವದ ಅರ್ಧ.

ದತ್ತಾಂಶದ ಪೆಟ್ಟಿಗೆ

ಎತ್ತರದ ವಾದ ಒಪ್ಪುತ್ತೇನೆ, ಆದರೆ ಚೌಕ ಕಿರಿದು ಮಾಡುವುದಕ್ಕೂ ಬೆಲೆ ತೆರಬೇಕು. 10 ಕಿ.ಮೀ. ಪಿಕ್ಸೆಲ್ ಅನ್ನುವುದು ಉಪಗ್ರಹದ ನೇರ ಕೆಳಗೆ ಮಾತ್ರ. ಪಟ್ಟಿಯ ಅಂಚಿಗೆ ಬಂದಾಗ ಅದೇ ಪಿಕ್ಸೆಲ್ ಸುಮಾರು 48×20 ಕಿ.ಮೀ.ಗೆ ಹಿಗ್ಗುತ್ತದೆ. ಅಂಥ ದಿನ ನೀವು ಎಷ್ಟೇ ಚಿಕ್ಕ ಚೌಕ ಎಳೆದರೂ ಆ ಒಂದು ಪಿಕ್ಸೆಲ್ ಒಳಗೇ ಹೆಬ್ರಿಯೂ ಇದೆ, ಆಗುಂಬೆಯೂ ಇದೆ. ಪಿಕ್ಸೆಲ್ ಕಡಿಮೆಯಾದಷ್ಟೂ ಒಂದೇ ಮೋಡದ ಅಂಚು ಇಡೀ ದಿನದ ಸಂಖ್ಯೆಯನ್ನು ಹಾಳುಮಾಡುತ್ತದೆ. ಆದ್ದರಿಂದ ಆಗುಂಬೆಗೆ ನೋಟದ ಕೋನ 40 ಡಿಗ್ರಿ ಮೀರಿದ ದಿನಗಳನ್ನು ಪ್ರತ್ಯೇಕವಾಗಿ ಇಡಿ. ತೀರ್ಥಹಳ್ಳಿಗೆ ಎರಡೂ ಗಾತ್ರದ ಚೌಕದಲ್ಲಿ ಲೆಕ್ಕ ಮಾಡಿ. ಎರಡರ ಉತ್ತರ ಬೇರೆಬೇರೆ ಬಂದರೆ ಆ ವ್ಯತ್ಯಾಸವನ್ನೇ ಫಲಿತಾಂಶವಾಗಿ ಬರೆಯಿರಿ.

ಸಾಗರ ಸೀಮೆ

ತೆಳು ಮೋಡದ ಬಗ್ಗೆ: ಮೇಲಿನ ಹಿಮಮೋಡದ ಕಣ ದೊಡ್ಡದು, ಎಲ್ಲ ತರಂಗಾಂತರವನ್ನೂ ಒಂದೇ ಸಮ ತಡೆಯುತ್ತದೆ. ಎಓಡಿ ದಿಢೀರ್ ಏರಿ ಅದೇ ಹೊತ್ತಿಗೆ ಆಲ್ಫಾ ಕುಸಿದರೆ ಮೋಡ ಅಂತಲೇ ತಿಳಿಯಿರಿ. ಹೊಗೆಯಾದರೆ ಎಓಡಿಯ ಜೊತೆ ಆಲ್ಫಾವೂ ಮೇಲೇ ಇರುತ್ತದೆ. ಬರೀ ಧೂಳು ಬಂದಾಗಲೂ ಆಲ್ಫಾ ಇಳಿಯುತ್ತದೆ, ಆದರೆ ಧೂಳು ಗಂಟೆಗಟ್ಟಲೆ ನಿಲ್ಲುತ್ತದೆ, ಮೋಡ ಐದು ಸ್ಕ್ಯಾನ್‌ಗಳ ನಡುವೆಯೇ ಏರಿಳಿಯುತ್ತದೆ. ಏರೋನೆಟ್ ಕೇಂದ್ರಗಳ ಸಿಮೆಲ್ ಉಪಕರಣ 30 ಸೆಕೆಂಡ್ ಅಂತರದಲ್ಲಿ ಮೂರು ರೀಡಿಂಗ್ ತೆಗೆಯುವುದರ ಹಿಂದೆಯೂ ಇದೇ ಉಪಾಯವಿದೆ. ಸೂರ್ಯನನ್ನು ಕಂಬದ ಮರೆಗೆ ತಂದು ಸುತ್ತಲಿನ ಆಕಾಶದ ಒಂದು ಫೋಟೋ ತೆಗೆದಿಡಿ, ಮೇ ತಿಂಗಳಲ್ಲಿ ಕೂತು ಶೋಧಿಸುವಾಗ ಅದೇ ಆಧಾರ.

ಬಾಬಾಬುಡನ್ ಕಣಿವೆ

ಒಂದು ಸಮಸ್ಯೆ ಇಡುತ್ತೇನೆ. ಮುಳ್ಳಯ್ಯನಗಿರಿಯ ತುದಿಯಿಂದ ತೆಗೆದ ರೀಡಿಂಗ್‌ಗಳಲ್ಲಿ ಎರಡು ವಿಚಿತ್ರ. 440ರ ಎಓಡಿ ಕೆಲವು ಸ್ವಚ್ಛ ದಿನಗಳಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, 870 ಸರಿ ಇದೆ. 500ರಲ್ಲಿ ದಿನಾ ಮಧ್ಯಾಹ್ನಕ್ಕೆ ಗುಡ್ಡೆಯಂತೆ ಏರಿ ಸಂಜೆಗೆ ಇಳಿಯುತ್ತದೆ. ಕಣಿವೆಯ ಹೊಗೆ ಬಿಸಿಲಿಗೆ ಮೇಲೇರುತ್ತಿದೆ ಎಂದು ಬರೆಯಬಹುದೇ?

ಘಟ್ಟದ ಗಾಳಿ

ಬರೆಯುವ ಮೊದಲು ಎರಡು ಪರೀಕ್ಷೆ ಮಾಡಿ.

440ರ ಋಣಸಂಖ್ಯೆಗೆ ಒತ್ತಡದ ಮೇಲೆ ಅನುಮಾನ. ಗಾಳಿಯ ಅಣುಗಳೇ ಚದುರಿಸುವ ಬೆಳಕಿನ ಪಾಲನ್ನು, ಅಂದರೆ ರೇಲೀ ಚದುರುವಿಕೆಯನ್ನು ಕಳೆದ ಮೇಲೆ ಉಳಿಯುವುದು ಎಓಡಿ. ಸಮುದ್ರಮಟ್ಟದಲ್ಲಿ 440ರಲ್ಲಿ ಆ ಪಾಲು ಸುಮಾರು 0.24. 1,930 ಮೀಟರ್ ಎತ್ತರದಲ್ಲಿ ಒತ್ತಡ ಸುಮಾರು ಶೇ. 20 ಕಡಿಮೆ, ಹಾಗಾಗಿ ಕಳೆಯಬೇಕಾದ್ದು 0.19ರ ಆಸುಪಾಸು. ಸಮುದ್ರಮಟ್ಟದ ಒತ್ತಡವನ್ನೇ ಹಾಕಿದ್ದರೆ 0.05 ಹೆಚ್ಚು ಕಳೆದಿದ್ದೀರಿ. ಬೆಟ್ಟದ ತುದಿಯ ಸ್ವಚ್ಛ ಗಾಳಿಯಲ್ಲಿ ಎಓಡಿಯೇ ಅಷ್ಟಿರುವುದಿಲ್ಲ. ರೇಲೀ ಪಾಲು ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ, ಅದಕ್ಕೇ 870ಕ್ಕೆ ಏನೂ ಆಗಲಿಲ್ಲ. ಮೊಬೈಲ್ ಹವಾಮಾನ ಆ್ಯಪ್ ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ, ಅದನ್ನು ನಕಲು ಮಾಡಿದರೆ ಇದೇ ತಪ್ಪು. ಉಪಕರಣದೊಳಗಿನ ಒತ್ತಡ ಸಂವೇದಕ ಏನು ತೋರಿಸುತ್ತದೆ ನೋಡಿ, 800 ಹೆಕ್ಟೋಪಾಸ್ಕಲ್‌ಗೆ ಸ್ವಲ್ಪ ಮೇಲೆ ಇರಬೇಕು. ಶಿವಮೊಗ್ಗ ಪೇಟೆಯಲ್ಲೂ 947ರ ಆಸುಪಾಸು, 1013 ಅಲ್ಲ.

ಮಧ್ಯಾಹ್ನದ ಗುಡ್ಡೆಗೆ ಕ್ಯಾಲಿಬ್ರೇಷನ್ ಮೇಲೆ ಅನುಮಾನ. ವಾತಾವರಣವೇ ಇಲ್ಲದಿದ್ದರೆ ಬರಬೇಕಿದ್ದ ಸಿಗ್ನಲ್ ಇದೆಯಲ್ಲ, ಆ ಸ್ಥಿರಾಂಕ ಶೇ. 2 ತಪ್ಪಿದ್ದರೆ ಎಓಡಿಯಲ್ಲಿ ಬರುವ ದೋಷ 0.02 ಭಾಗಿಸು ವಾಯುರಾಶಿ. ಬೆಳಗ್ಗೆ ವಾಯುರಾಶಿ 4 ಇದ್ದಾಗ ದೋಷ 0.005, ನೆತ್ತಿಯ ಸೂರ್ಯನಿಗೆ ಪೂರಾ 0.02. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ, ಆಗ ದೋಷ ಗರಿಷ್ಠ. ಫಿಲ್ಟರ್ ಹಳತಾಗಿ ಸಿಗ್ನಲ್ ಕುಗ್ಗಿದ್ದು ಸ್ಥಿರಾಂಕ ಹಳೆಯದೇ ಉಳಿದಿದ್ದರೆ ಮೇಲುಬ್ಬಿದ ಗುಡ್ಡೆ ಬರುತ್ತದೆ.

ಬೇರ್ಪಡಿಸುವುದು ಸುಲಭ. ಕ್ಯಾಲಿಬ್ರೇಷನ್ ಗುಡ್ಡೆ ಸೌರ ನಡುಹಗಲಿನ ಎರಡೂ ಬದಿಗೆ ಸರಿಸಮ, ಅಂದರೆ ನಿಮ್ಮಲ್ಲಿ 12:30ರ ಹತ್ತಿರ ತುದಿ. ಕಣಿವೆಯ ಹೊಗೆ ಮೇಲೇರುವುದಾದರೆ ತುದಿ 2ರಿಂದ 4 ಗಂಟೆಯೊಳಗೆ, ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಆಕಾರ ಇರುವುದಿಲ್ಲ. ಎಓಡಿಯನ್ನು ವಾಯುರಾಶಿಯ ವ್ಯುತ್ಕ್ರಮದ ಎದುರು ಗುರುತಿಸಿ. ದಿನದಿಂದ ದಿನಕ್ಕೆ ಅದೇ ಇಳಿಜಾರಿನ ಸರಳರೇಖೆ ಬಂದರೆ ಹೊಗೆಯಲ್ಲ, ಸ್ಥಿರಾಂಕ. ಆ ಇಳಿಜಾರೇ ದೋಷದ ಗಾತ್ರ.

ನಿಮ್ಮ ಬೆಟ್ಟ ಇನ್ನೊಂದು ಕೆಲಸಕ್ಕೆ ಒಳ್ಳೆಯದು: ಲ್ಯಾಂಗ್ಲಿ ಕ್ಯಾಲಿಬ್ರೇಷನ್. ಜನವರಿಯ ಸ್ಥಿರ ಬೆಳಗಿನಲ್ಲಿ ವಾಯುರಾಶಿ 5ರಿಂದ 2ರವರೆಗೆ ಸಿಗ್ನಲ್‌ನ ಲಾಗನ್ನು ವಾಯುರಾಶಿಯ ಎದುರು ಬಿಡಿಸಿ, ರೇಖೆಯನ್ನು ಸೊನ್ನೆ ವಾಯುರಾಶಿಗೆ ಎಳೆಯಿರಿ. ಅಲ್ಲಿ ಸಿಗುವುದೇ ಆ ಸ್ಥಿರಾಂಕದ ಲಾಗ್. ಕೆಳಗೆ ತೀರ್ಥಹಳ್ಳಿಯಲ್ಲಿ ಇದನ್ನು ಮಾಡಲು ಹೋದರೆ ಮಂಜು ಕರಗುವಾಗ ಗಾಳಿಯೇ ಬದಲಾಗುತ್ತಿರುತ್ತದೆ, ರೇಖೆ ಸರಳವಾಗಿಯೇ ಕಂಡರೂ ಉತ್ತರ ತಪ್ಪಿರಬಹುದು. ಒಂದು ದಿನದ ಉತ್ತರವನ್ನು ನಂಬದೆ, ಹಲವು ಬೆಳಗುಗಳ ಸ್ಥಿರಾಂಕ ಹೊಂದುತ್ತದೆಯೇ ನೋಡಿ.

ಬಾಬಾಬುಡನ್ ಕಣಿವೆ

ತುದಿ 12:30ಕ್ಕೇ ಇದೆ, ಎರಡೂ ಬದಿ ಸಮ. ಹಾಗಾದರೆ 500ರ ಫಿಲ್ಟರ್. ಉಪಗ್ರಹದ ಜೊತೆ ಹೋಲಿಸಿದಾಗ ಬೆಟ್ಟದ್ದು ಯಾವಾಗಲೂ ಕಡಿಮೆ ಬರುವುದಕ್ಕೆ ಎತ್ತರದ ತಿದ್ದುಪಡಿ ಸಾಕೇ?

ದತ್ತಾಂಶದ ಪೆಟ್ಟಿಗೆ

ಪಿಕ್ಸೆಲ್‌ನ ಸರಾಸರಿ ಎತ್ತರ 900 ಮೀಟರ್, ನೀವು 1,930ರಲ್ಲಿ ಅಂತ ಹಿಡಿಯೋಣ. ಕಣಗಳ ದಟ್ಟಣೆ 2 ಕಿ.ಮೀ. ಮಾಪನ ಎತ್ತರದಲ್ಲಿ ಘಾತೀಯವಾಗಿ (ಪ್ರತಿ 2 ಕಿ.ಮೀ. ಏರಿದಾಗ ಶೇ. 37ಕ್ಕೆ) ಇಳಿಯುತ್ತದೆ ಎಂದುಕೊಂಡರೆ ಪಿಕ್ಸೆಲ್ ಕಂಬದ ಶೇ. 40 ನಿಮ್ಮ ಕಾಲ ಕೆಳಗೇ ಉಳಿಯುತ್ತದೆ. ಆದರೆ ಜನವರಿ ಬೆಳಗ್ಗೆ ಕಣಗಳೆಲ್ಲ ಕಣಿವೆಯ ತೆಳು ಪದರದಲ್ಲಿ ಕೂತಿರುತ್ತವೆ, ಏಪ್ರಿಲ್ ಮಧ್ಯಾಹ್ನ ಬೆಟ್ಟದ ಮೇಲಕ್ಕೂ ಕಲಸಿಹೋಗಿರುತ್ತವೆ. ಒಂದೇ ಅಂಕಿ ಎರಡಕ್ಕೂ ಹೊಂದದು. ತುದಿಯ ರೀಡಿಂಗನ್ನು ಉಪಗ್ರಹದ ತಪ್ಪು ಒಪ್ಪು ನಿರ್ಧರಿಸಲು ಬಳಸಬೇಡಿ. ಕಣಿವೆಯಲ್ಲಿ ಇನ್ನೊಂದು ಉಪಕರಣ ಇಟ್ಟು ಎರಡರ ವ್ಯತ್ಯಾಸ ತೆಗೆದರೆ ಮಾತ್ರ ಅದು ಬೆಲೆಬಾಳುವ ಅಳತೆ.

ಕೊಪ್ಪ ಸೀಮೆ

ನಮ್ಮಲ್ಲಿ ಪಿಎಂ 2.5 (ಗಾಳಿಯಲ್ಲಿನ ಸೂಕ್ಷ್ಮ ಕಣ) ಅಳೆಯುವ ಲೇಸರ್ ಸಂವೇದಕ ಇದೆ. ಫೋಟೋಮೀಟರ್ ಬದಲು ಇದನ್ನೇ ಉಪಗ್ರಹದ ಜೊತೆ ಹೋಲಿಸಬಹುದಾ?

ಸಾಗರ ಸೀಮೆ

ಪಕ್ಕದಲ್ಲಿಟ್ಟು ನೋಡಬಹುದು, ತಾಳೆ ನೋಡಿದೆವು ಅನ್ನುವಂತಿಲ್ಲ. ಪಿಎಂ 2.5 ಮೂಗಿನ ಮಟ್ಟದ ಗಾಳಿಯದ್ದು, ಎಓಡಿ ಇಡೀ ಕಂಬದ್ದು. ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಮನೆಯಲ್ಲೂ ಅಡಿಕೆ ಬೇಯಿಸುವ ಒಲೆ ಉರಿಯುತ್ತದೆ. ಚಳಿಯ ಸಂಜೆ ಆ ಹೊಗೆ ತೋಟದ ಮೇಲೇ ಹಾಸಿಕೊಂಡು ಕೂರುತ್ತದೆ. ನಿಮ್ಮ ಸಂವೇದಕ ಹಾರಿಬೀಳುತ್ತದೆ, ಮಾರನೆ ದಿನ ಮಧ್ಯಾಹ್ನ ಬರುವ ಉಪಗ್ರಹಕ್ಕೆ ಅದರ ಸುಳಿವೂ ಇರುವುದಿಲ್ಲ. ಫೆಬ್ರುವರಿ–ಮಾರ್ಚ್‌ನ ಕಾಡ್ಗಿಚ್ಚಿನಲ್ಲಿ ತಿರುವು ಮುರುವು: ಹೊಗೆ ಎತ್ತರದಲ್ಲಿ ತೇಲಿ ಹೋದರೆ ಎಓಡಿ ಏರುತ್ತದೆ, ನೆಲದಲ್ಲಿ ಏನೂ ಇಲ್ಲ.

ತೇವದ ಸಂಗತಿ ಬೇರೆ. ತೇವಾಂಶ ಶೇ. 85 ದಾಟಿದರೆ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಅಗ್ಗದ ಲೇಸರ್ ಸಂವೇದಕ ಆ ನೀರನ್ನೂ ಧೂಳು ಅಂತ ಎಣಿಸುತ್ತದೆ. ಮಲೆನಾಡಿನ ಬೆಳಗು ಬಹುಪಾಲು ಅದಕ್ಕಿಂತ ಮೇಲೇ. ಶಿವಮೊಗ್ಗದ ವಿನೋಬನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ. ಸಂವೇದಕವನ್ನು ಮೊದಲು ಅಂಥ ಕೇಂದ್ರದ ಸಂಖ್ಯೆಗಳಿಗೆ ಹೊಂದಿಸಿ, ಪಕ್ಕದಲ್ಲಿ ತೇವಾಂಶ ಮಾಪಕವನ್ನೂ ಇಡಿ.

ದತ್ತಾಂಶದ ಪೆಟ್ಟಿಗೆ

ಉಪಗ್ರಹದ ಫೈಲ್‌ಗಳಲ್ಲಿ ಎಡವುವ ಜಾಗಗಳನ್ನು ಹೇಳುತ್ತೇನೆ.

ಮೋಡಿಸ್ ಎಓಡಿಯನ್ನು 0.001ರಿಂದ ಗುಣಿಸಬೇಕು, ಮೈನಸ್ 9999 ಅಂದರೆ ಮಾಹಿತಿ ಇಲ್ಲ. ಡಾರ್ಕ್ ಟಾರ್ಗೆಟ್‌ನಲ್ಲಿ ನೆಲದ ಮೇಲೆ ಗುಣಮಟ್ಟದ ಅಂಕ 3 ಇರುವುದನ್ನು ಮಾತ್ರ ಇಟ್ಟುಕೊಳ್ಳಿ. ಆದರೆ ಮೈನಸ್ 0.05ರವರೆಗಿನ ಸಣ್ಣ ಋಣಸಂಖ್ಯೆ ಬಂದರೆ ಎಸೆಯಬೇಡಿ. ಅದು ಲೆಕ್ಕವಿಧಾನ ಬೇಕೆಂದೇ ಬಿಟ್ಟದ್ದು. ಸ್ವಚ್ಛ ಗಾಳಿಯ ದಿನ ದೋಷ ಎರಡೂ ಕಡೆ ಹೋಗುತ್ತದೆ, ಕೆಳಗಿನದ್ದನ್ನಷ್ಟೇ ಕತ್ತರಿಸಿದರೆ ಸರಾಸರಿ ಸುಳ್ಳೇ ಮೇಲೇರುತ್ತದೆ.

ಮೇಯಾಕ್‌ನ (ಮೋಡಿಸ್‌ನಿಂದ ಎಓಡಿ ತೆಗೆಯುವ ಇನ್ನೊಂದು ಲೆಕ್ಕವಿಧಾನ) 1 ಕಿ.ಮೀ. ಉತ್ಪನ್ನ ಮಲೆನಾಡಿಗೆ ನನ್ನ ಆಯ್ಕೆ. ನಮ್ಮ ಭಾಗದ ಟೈಲ್ (ನಕ್ಷೆಯ ಚೌಕ ತುಂಡು) ಎಚ್25ವಿ07. ಅಲ್ಲಿ ಒಂದು ದಿನದ ಫೈಲ್‌ನಲ್ಲಿ ಟೆರಾ, ಅಕ್ವಾ ಎರಡರ ಹಾಯುವಿಕೆಗಳೂ ಪದರ ಪದರವಾಗಿ ಇರುತ್ತವೆ. ಪ್ರತಿ ಪದರದ ಸಮಯವೂ ಯಾವ ಉಪಗ್ರಹ ಎಂಬುದೂ ಫೈಲ್‌ನ ಕಕ್ಷಾ ಸಮಯದ ಮಾಹಿತಿಯಲ್ಲಿದೆ. ಅದನ್ನು ಓದದೆ ಪದರಗಳನ್ನೆಲ್ಲ ಸರಾಸರಿ ಮಾಡಿದರೆ ಬೆಳಗಿನ ಮಂಜೂ ಮಧ್ಯಾಹ್ನದ ಕಾವಳವೂ ಕಲಸುಮೇಲೋಗರ.

ಡಾರ್ಕ್ ಟಾರ್ಗೆಟ್ 10 ಕಿ.ಮೀ. ಚೌಕದ 400 ಚಿಕ್ಕ ಪಿಕ್ಸೆಲ್‌ಗಳಲ್ಲಿ ಅತಿ ಹೊಳೆಯುವ ಶೇ. 50, ಅತಿ ಕಪ್ಪಾದ ಶೇ. 20 ಬಿಟ್ಟು, ಹೆಚ್ಚೆಂದರೆ 120 ಉಳಿಸಿಕೊಳ್ಳುತ್ತದೆ. ಮೋಡದ ಅಂಚು, ಬೆಟ್ಟದ ನೆರಳು ಹೀಗೆ ಹೋಗುತ್ತವೆ. ಕಾಡು, ಅಡಿಕೆ ತೋಟ ಅದಕ್ಕೆ ಹೇಳಿ ಮಾಡಿಸಿದ ಕಪ್ಪು ನೆಲ. ತೊಂದರೆ ಕೊಡುವುದು ಕೊಯ್ಲಾದ ಗದ್ದೆ, ಜಂಬಿಟ್ಟಿಗೆಯ ಬೋಳುನೆಲ, ಮತ್ತು ಲಿಂಗನಮಕ್ಕಿ, ಭದ್ರಾ ಹಿನ್ನೀರು ಇಳಿದ ದಂಡೆ. ಏಪ್ರಿಲ್‌ನಲ್ಲಿ ದಂಡೆಯ ಕೆಸರು, ನೀರು, ಹುಲ್ಲು ಒಂದೇ ಪಿಕ್ಸೆಲ್‌ನಲ್ಲಿ ಸೇರುತ್ತವೆ. ಹಿನ್ನೀರಿನ ಅಂಚಿನಿಂದ ಎರಡು ಪಿಕ್ಸೆಲ್ ದೂರ ಇರಿ. ದಟ್ಟ ಹೊಗೆಯನ್ನು ಮೋಡವೆಂದು ತಿಳಿದು ಎಸೆಯುವುದೂ ಉಂಟು. ಬೆಂಕಿಯ ದಿನ ನಿಮ್ಮಲ್ಲಿ ರೀಡಿಂಗ್ ಇದ್ದು ಉಪಗ್ರಹದಲ್ಲಿ ಖಾಲಿ ಇದ್ದರೆ, ಆ ಖಾಲಿಯನ್ನೂ ಪಟ್ಟಿಯಲ್ಲಿ ಬರೆದಿಡಿ. ವಿಯರ್ಸ್‌ನ 375 ಮೀಟರ್ ಬೆಂಕಿ ಬಿಂದುಗಳನ್ನು ಪಕ್ಕದಲ್ಲಿಟ್ಟರೆ ಕಾರಣ ತಿಳಿಯುತ್ತದೆ.

ತುಂಗೆಯ ದಡ

ಕೊನೆಗೆ ಯಾವ ಸಂಖ್ಯೆ ಕೊಡಬೇಕು? ಎಲ್ಲರೂ ಸಹಸಂಬಂಧ ಗುಣಾಂಕ ಕೇಳುತ್ತಾರೆ.

ಘಟ್ಟದ ಗಾಳಿ

ಕೊಡಿ, ಆದರೆ ಅದೊಂದನ್ನೇ ಕೊಡಬೇಡಿ. ಉಪಗ್ರಹ ಪ್ರತಿದಿನ 0.15 ಹೆಚ್ಚು ತೋರಿಸಿದರೂ ಗುಣಾಂಕ 1 ಬರಬಹುದು. ಸರಾಸರಿ ಪಕ್ಷಪಾತ, ವರ್ಗಮೂಲ ಸರಾಸರಿ ದೋಷ, ನಿರೀಕ್ಷಿತ ದೋಷದ ಗೆರೆಗಳೊಳಗೆ ಬಿದ್ದ ಜೋಡಿಗಳ ಶೇಕಡಾ ಪಾಲು, ಗೆರೆಯ ಮೇಲೆಷ್ಟು, ಕೆಳಗೆಷ್ಟು, ಇವೂ ಇರಲಿ. ಮೋಡಿಸ್ ತಂಡದ ಮಾನದಂಡದಲ್ಲಿ ಮೂರನೇ ಎರಡು ಭಾಗ ಗೆರೆಗಳೊಳಗೆ ಇರಬೇಕು. ನೆಲದ ಅಳತೆಯಲ್ಲೂ 0.02 ಅನಿಶ್ಚಿತತೆ ಇದೆ, ಅದನ್ನು ಪರಮಸತ್ಯ ಎಂದು ಹಿಡಿದು ರೇಖೆ ಎಳೆಯಬೇಡಿ.

ತಿಂಗಳುವಾರು ಜೋಡಿಗಳ ಸಂಖ್ಯೆಯನ್ನು ಖಂಡಿತ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸೂರ್ಯನೂ ಸಿಗುವುದಿಲ್ಲ, ಉಪಗ್ರಹಕ್ಕೆ ನೆಲವೂ ಸಿಗುವುದಿಲ್ಲ. ನಿಮ್ಮ ಫಲಿತಾಂಶ ಒಣ ತಿಂಗಳುಗಳ ನಿರ್ಮಲ ಆಕಾಶದ್ದು. ಅದಕ್ಕೆ ವಾರ್ಷಿಕ ಎಂಬ ಹೆಸರು ಕೊಡಬೇಡಿ.

ಸಾಗರ ಸೀಮೆ

ಮಳೆಗಾಲದಲ್ಲಿ ಉಪಕರಣವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್ ಬಣ್ಣ ಬದಲಾದ ಕೂಡಲೇ ಬೇರೆ ಹಾಕಿ. ಬ್ಯಾಟರಿ ನಾಲ್ಕನ್ನೂ ತೆಗೆದಿಡಿ, ಇಲ್ಲವಾದರೆ ಸೋರಿ ಸಂಪರ್ಕದ ತಗಡು ಹಸಿರುಗಟ್ಟುತ್ತದೆ. ಬೆಳಕಿನ ಫಿಲ್ಟರ್‌ಗಳಿಗೆ ತೇವವೇ ಶತ್ರು, ಆಗುಂಬೆಯ ಒಂದು ಮಳೆಗಾಲ ಹೊರಗಿಟ್ಟರೆ ಸ್ಥಿರಾಂಕ ಎಲ್ಲಿಗೆ ಜಾರುತ್ತದೋ ಹೇಳಲಾಗದು. ಅಕ್ಟೋಬರ್ ಕೊನೆಗೆ ತೆಗೆದಾಗ ಮೊದಲ ಸ್ವಚ್ಛ ದಿನ ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಸ್ಕ್ಯಾನ್ ಮಾಡಿ, ನಡುಹಗಲಿನ ಗುಡ್ಡೆ ಪ್ರತಿ ಚಾನೆಲ್‌ನಲ್ಲೂ ಇದೆಯಾ ನೋಡಿ. ಇದ್ದರೆ ಡಿಸೆಂಬರ್‌ಗೆ ಮೊದಲೇ ಬೆಟ್ಟಕ್ಕೆ ಒಯ್ಯಿರಿ.